ವಿನಿಫ್ರೆಡ್ ಟೀಚರ ತಿದ್ದುಪಡಿ

ಕೆಲಸದಿಂದ ನಿವೃತ್ತರಾದ ಮೇಲೆ ವಿನಿಫ್ರೆಡ್ ಟ್ರಾಸ್ಕ್ ಅವರಿಗೆ ಮೊದಲಿಗಿಂತ ಹೆಚ್ಚು ವಿದ್ಯಾರ್ಥಿಗಳಾದರು. ವರ್ಮಾಂಟಿನ ಬೆಟ್ಟಗಳ ನಡುವಿನ ಹಾರ್ಲೋ ಎಂಬ ಸಣ್ಣ ಊರಿನ ಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿದವರು ಅವರು. ಆಗ ಒಂದು ತರಗತಿಯಲ್ಲಿ ಇಪ್ಪತ್ತು ಮಕ್ಕಳಿದ್ದರೆ ಹೆಚ್ಚು. ಈಗ ಅಡುಗೆಮನೆಯ ಮೇಜಿನ ಮುಂದೆ ಕೂತು ಬರೆದು ಪ್ರತಿ ಭಾನುವಾರ ಬೆಳಿಗ್ಗೆ ಕಳಿಸುತ್ತಿದ್ದ ಓಲೆಯನ್ನು ಒಂಬತ್ತು ಸಾವಿರ ಜನ ಕಂಪ್ಯೂಟರಿನಲ್ಲಿ ತೆರೆದು ಓದುತ್ತಿದ್ದರು. 'ಕಪ್ಪುಹಲಗೆ' ಎಂದು ಅದಕ್ಕೆ ಹೆಸರು. ವಾಷಿಂಗ್ಟನ್ನಿನಲ್ಲಿ ಆ ವಾರ ಏನು ನಡೆಯಿತು, ಅಂಥದ್ದೇ ಹಿಂದೆ ಯಾವಾಗ ನಡೆದಿತ್ತು, ಆಗ ಜನ ಏನು ಮಾಡಿದರು, ಇಷ್ಟೇ ಅದರ ವಿಷಯ. ಸುಂಕದ ಜಗಳವಾದರೆ ನೂರು ವರ್ಷದ ಹಿಂದಿನ ಸುಂಕದ ಜಗಳ, ನ್ಯಾಯಾಲಯದ ತಕರಾರಾದರೆ ಹಳೆಯ ನ್ಯಾಯಾಧೀಶರ ತಕರಾರು. ಟೆಕ್ಸಾಸಿನ ದಾದಿಯರು, ಒರೆಗಾನಿನ ವಕೀಲರು, ಫ್ಲಾರಿಡಾದ ಮುದುಕರು, ಯಾರು ಯಾರೋ ಬರೆಯುತ್ತಿದ್ದರು, ಟೀಚರ್, ನಿಮ್ಮ ಓಲೆ ಓದದೆ ನಮಗೆ ಭಾನುವಾರದ ಕಾಫಿ ಇಳಿಯುವುದಿಲ್ಲ ಎಂದು.

ಹಾರ್ಲೋದಲ್ಲಿ ಮಾತ್ರ ಆ ಓಲೆಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಅಂಗಡಿಯಲ್ಲಿ ಸಿಕ್ಕರೆ ಹವಾಮಾನ ಮಾತಾಡಿ ನುಣುಚಿಕೊಳ್ಳುತ್ತಿದ್ದರು. ರಾಜಕೀಯದಿಂದ ಊರು ಎರಡು ಹೋಳಾಗಿ ಏಳೆಂಟು ವರ್ಷವಾಗಿತ್ತು. ಟೀಚರು ಯಾವ ಹೋಳಿನವರು ಎಂದು ಎಲ್ಲರಿಗೂ ಗೊತ್ತಿತ್ತು.

ಆ ಫೆಬ್ರವರಿಯಲ್ಲಿ ಅವರು ಬರೆದ ಓಲೆ ಸ್ವಲ್ಪ ಖಾರವಾಗಿತ್ತು. ಮಾರ್ಚ್ ತಿಂಗಳ ಮೊದಲ ಮಂಗಳವಾರ ಊರಸಭೆ. ಊರಿನವರೆಲ್ಲ ಶಾಲೆಯ ಆಟದ ಕೋಣೆಯಲ್ಲಿ ಸೇರಿ, ಎದ್ದು ನಿಂತು ಮಾತಾಡಿ, ಕೈಯೆತ್ತಿ ವರ್ಷದ ವ್ಯವಹಾರವೆಲ್ಲ ತೀರ್ಮಾನಿಸುವ ದಿನ. ಇನ್ನೂರು ವರ್ಷದಿಂದ ನಡೆದು ಬಂದದ್ದು. ಹಿಂದಿನ ವರ್ಷ ಅಲ್ಲಿ ಕಿರುಚಾಟವಾಗಿ ಇಬ್ಬರು ಕೊರಳಪಟ್ಟಿ ಹಿಡಿದುಕೊಂಡಿದ್ದರು. ಈ ಸಲ ಒಂದು ಗೊತ್ತುವಳಿ ಬಂದಿತ್ತು. ಸಭೆಯೇ ಬೇಡ, ಎಲ್ಲರೂ ಅವರವರ ಹೊತ್ತಿಗೆ ಬಂದು ಚೀಟಿ ಹಾಕಿ ಹೋಗಲಿ ಎಂಬುದು ಅದರ ಸಾರಾಂಶ. ವಿನಿಫ್ರೆಡ್ ಅವರಿಗೆ ಮೈಯೆಲ್ಲ ಉರಿದುಹೋಯಿತು.

ಅವರು ಬರೆದದ್ದು ಹೀಗೆ. ಸಾವಿರದ ಎಂಟುನೂರ ಐವತ್ತೊಂದರಲ್ಲಿ, ಓಡಿಬಂದ ಗುಲಾಮರನ್ನು ಹಿಡಿದು ಒಡೆಯರಿಗೆ ಒಪ್ಪಿಸಬೇಕು ಎಂಬ ದೇಶದ ಕಾನೂನಿಗೆ ಹಾರ್ಲೋ ಊರಸಭೆ ಒಮ್ಮತದಿಂದ ಬೆನ್ನು ತಿರುಗಿಸಿತು. ಒಬ್ಬನೇ ಒಬ್ಬನೂ ಎದುರು ಕೈಯೆತ್ತಲಿಲ್ಲ. ಅಂಥ ಸಭೆಯನ್ನು ಇಂದು ಮುಚ್ಚಬೇಕೆನ್ನುವವರು ಅದೇ ಊರಿನಲ್ಲಿದ್ದಾರೆ. ಚುನಾವಣೆಯ ಫಲಕ ನೆಡಲು ಅವರಿಗೆ ಅಂಗಳವಿದೆ, ಒಂದು ಪುಸ್ತಕ ಇಡಲು ಮನೆಯಲ್ಲಿ ಜಾಗವಿಲ್ಲ.

ಕೊನೆಯ ವಾಕ್ಯ ಬರೆದಾಗ ಅವರಿಗೆ ಒಳಗೊಳಗೇ ಖುಷಿಯಾಗಿತ್ತು. ಒಂಬತ್ತು ಸಾವಿರ ಓದುಗರಲ್ಲಿ ನಾನೂರು ಜನ ಅದನ್ನೇ ಮೆಚ್ಚಿ ಬರೆದರು.

ಮಾರನೆಯ ದಿನ, ಸೋಮವಾರ, ಹಿಮ ತಳ್ಳುವ ಕಿತ್ತಳೆ ಬಣ್ಣದ ದೊಡ್ಡ ಲಾರಿ ಅವರ ಮನೆ ಮುಂದೆ ನಿಂತಿತು. ಇಳಿದು ಬಂದವನು ಅರ್ಮಾಂಡ್ ತಿಬೋ, ಊರಿನ ರಸ್ತೆ ಮೇಸ್ತ್ರಿ, ನಲವತ್ತಾರರ ಆಳು. ಮೂವತ್ತು ವರ್ಷದ ಹಿಂದೆ ಅವರ ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯಾಚೆ ನೋಡುತ್ತಿದ್ದವನು, ಹೆಣಗಾಡಿ ಪಾಸಾದವನು. ಊರಿನಲ್ಲಿ ಎಲ್ಲಕ್ಕಿಂತ ದೊಡ್ಡ ಚುನಾವಣೆ ಫಲಕ, ಅದೂ ಎದುರು ಕಡೆಯವರದು, ಇವನ ಅಂಗಳದಲ್ಲೇ ಇತ್ತು.

ಬಾಗಿಲಲ್ಲೇ ನಿಂತ. ಬೂಟಿನಿಂದ ನೀರು ಸುರಿಯುತ್ತಿತ್ತು, ಒಳಗೆ ಬಾ ಎಂದರೆ ಬರಲಿಲ್ಲ. ಅಂಗಿಯೊಳಗಿಂದ ಮಡಿಸಿದ ಒಂದು ಕಾಗದ ತೆಗೆದ.

"ಫಲಕದ ಮಾತು ನಂಗೇ ಅಂತ ಗೊತ್ತಾಯ್ತು ಟೀಚರ್. ಅದಿರ್ಲಿ ಬಿಡಿ. ಆದ್ರೆ ಆ ಐವತ್ತೊಂದನೇ ಇಸವಿದು ನೀವು ಬರ್ದಿದ್ದು ತಪ್ಪು."

ಟೀಚರು ನಕ್ಕರು. ಅದನ್ನು ತಾನು ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ, ಅವನಿಗೂ ಮಾಡಿದ್ದೇನೆ, ಅವನು ಆಗ ಕೇಳಿಸಿಕೊಂಡಿದ್ದರೆ ಗೊತ್ತಿರುತ್ತಿತ್ತು ಎಂದರು.

"ಕೇಳಿಸ್ಕೊಂಡಿದ್ದೆ. ಅದಕ್ಕೇ ಇದು ಕಣ್ಣಿಗೆ ಬಿತ್ತು," ಎಂದು ಕಾಗದವನ್ನು ಅವರ ಕೈಗಿಟ್ಟ ಅರ್ಮಾಂಡ್. "ಸ್ಕಿನ್ನರ್ ಬೆಟ್ಟದ ಹಳೇ ಗಾಡಿದಾರಿ ಊರಿನದ್ದೋ ಖಾಸಗಿಯೋ ಅಂತ ಒಬ್ಬ ತಕರಾರು ತೆಗ್ದಿದಾನೆ. ಅದನ್ನ ಹುಡುಕ್ತಾ ಹಳೇ ದಫ್ತರ ತಿರುವಿ ಹಾಕ್ತಿದ್ದೆ. ದಾರಿ ಸಿಗ್ಲಿಲ್ಲ, ಇದು ಸಿಕ್ತು. ನೀವೇ ಅಲ್ವಾ ಹೇಳ್ತಿದ್ದಿದ್ದು, ಮೂಲ ನೋಡದೆ ಬಾಯಿ ಬಿಡಬೇಡಿ ಅಂತ."

ಲಾರಿ ಹೊರಟುಹೋಯಿತು. ವಿನಿಫ್ರೆಡ್ ಕಾಗದ ಬಿಡಿಸಿದರು. ಹಳೆಯ ಕೈಬರಹದ ನೆರಳಚ್ಚು, ಅರ್ಧ ಅಳಿಸಿಹೋಗಿತ್ತು. ಆದರೆ ಕೊನೆಯ ಸಾಲಿನ ಎರಡು ಅಂಕಿ ಸ್ಪಷ್ಟವಾಗಿದ್ದವು. ಪರವಾಗಿ ನಲವತ್ತೊಂದು, ವಿರುದ್ಧ ಮೂವತ್ತೆಂಟು.

ಅಂದೇ ಸಂಜೆ ಅಟ್ಟದ ಪೆಟ್ಟಿಗೆಯಿಂದ ತನ್ನ ಪಾಠದ ಟಿಪ್ಪಣಿಗಳನ್ನು ಇಳಿಸಿ ನೋಡಿದರು. 'ಒಮ್ಮತ' ಎಂಬ ಮಾತು ಎಲ್ಲಿಂದ ಬಂತು? ಹುಡುಕಿದಾಗ ಸಿಕ್ಕಿದ್ದು ಒಂದೇ ಆಧಾರ. ಊರಿನ ಪಾದ್ರಿಯೊಬ್ಬ ಐವತ್ತು ವರ್ಷಗಳ ತರುವಾಯ ಒಂದು ಉತ್ಸವಕ್ಕೆಂದು ಬರೆದ ಹದಿನಾರು ಪುಟದ ಪುಸ್ತಿಕೆ. ಪಾದ್ರಿ ಆ ಸಭೆಯಲ್ಲಿ ಇರಲಿಲ್ಲ, ಆ ಊರಿನಲ್ಲಿ ಹುಟ್ಟಿದವನೂ ಅಲ್ಲ. ಅವನ ಮಾತನ್ನು ಕೆಲಸಕ್ಕೆ ಸೇರಿದ ಮೊದಲ ವರ್ಷ ತಾನು ನಕಲು ಮಾಡಿಕೊಂಡದ್ದು, ಆಮೇಲೆ ಒಮ್ಮೆಯೂ ಊರಕಚೇರಿಯ ಮೆಟ್ಟಿಲು ಹತ್ತಿ ಮೂಲ ನೋಡಲಿಲ್ಲ. ಮನೆಯಿಂದ ಕಚೇರಿಗೆ ನಡೆದರೆ ಎಂಟು ನಿಮಿಷ.

ಮಂಗಳವಾರ ಆ ಎಂಟು ನಿಮಿಷ ನಡೆದರು. ಊರಿನ ಗುಮಾಸ್ತೆ ಹೆಸ್ಟರ್ ಕೋಬರ್ನ್, ಟೀಚರನ್ನು ಕಂಡೊಡನೆ ಎದ್ದು ಹಳೆಯ ದಫ್ತರಗಳನ್ನಿಡುವ ಕಬ್ಬಿಣದ ಕೋಣೆಯ ಬಾಗಿಲು ತೆರೆದಳು. ಅರ್ಮಾಂಡ್ ಹೇಳಿದ್ದ, ನೀವು ಇವತ್ತು ಬಂದೇ ಬರ್ತೀರಿ ಅಂತ, ಪುಸ್ತಕ ಮೇಜಿನ ಮೇಲೇ ಇಟ್ಟಿದ್ದೇನೆ ಎಂದಳು. ವಿನಿಫ್ರೆಡ್ ಅವರಿಗೆ ಆ ಮಾತು ಸ್ವಲ್ಪ ಚುಚ್ಚಿತು, ಸ್ವಲ್ಪ ಹಿತವೂ ಆಯಿತು.

ಚರ್ಮದ ಹೊದಿಕೆಯ ದಪ್ಪ ಪುಸ್ತಕ. ಶಾಯಿ ಕಂದುಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದವರೆಗೂ ಕೂತು ಓದಿದರು, ಓದುತ್ತ ಓದುತ್ತ ಚಳಿ ಮರೆತರು. ಅದು ಒಂದು ದಿನದ ಸಭೆಯೇ ಆಗಿರಲಿಲ್ಲ, ಎರಡು ದಿನ ನಡೆದಿತ್ತು. ಮೊದಲ ದಿನ ಗೊತ್ತುವಳಿ ಬಿದ್ದೇಹೋಗಿತ್ತು. ಪರವಾಗಿ ಮೂವತ್ತೈದು, ವಿರುದ್ಧ ನಲವತ್ತನಾಲ್ಕು. ಒಬ್ಬ ದೇಶದ ಕಾನೂನು ಕಾನೂನೇ ಎಂದ, ಇನ್ನೊಬ್ಬ ನಮಗ್ಯಾಕೆ ಊರ ಉಸಾಬರಿ ಎಂದ. ಗಿರಣಿಯ ಮಾಲೀಕ, ದಕ್ಷಿಣದ ಹತ್ತಿಯಿಲ್ಲದೆ ನನ್ನ ಮಗ್ಗ ನಿಲ್ಲುತ್ತದೆ ಎಂದ. ಕತ್ತಲಾಯಿತೆಂದು ಸಭೆ ಮುಂದಕ್ಕೆ ಹೋಯಿತು. ಮರುದಿನ ಒಬೆಡ್ ಎಂಬ ಚರ್ಮ ಹದಮಾಡುವವನು ಎದ್ದುನಿಂತ. ಆ ಕಾಲದ ಗುಮಾಸ್ತ ಅವನ ಮಾತನ್ನು ಎರಡೇ ಸಾಲಿನಲ್ಲಿ ಬರೆದಿಟ್ಟಿದ್ದ. ನಿನ್ನೆ ನಾನು ಹೇಳಿದ್ದು ತಪ್ಪು. ಹೆಂಡತಿ ಹೇಳಿದಳು ಎಂದು ನಗಬೇಡಿ, ಅವಳು ಹೇಳಿದ್ದೂ ಹೌದು. ಮತ್ತೆ ಎಣಿಸಿದಾಗ ಆರು ಜನ ಈ ಕಡೆಯಿಂದ ಆ ಕಡೆಗೆ ಬಂದು ನಿಂತಿದ್ದರು.

ವಿರುದ್ಧ ನಿಂತವರ ಹೆಸರುಗಳ ಪಟ್ಟಿಯೂ ಇತ್ತು. ನಡುವೆ ಜೋಸಾಯ ಟ್ರಾಸ್ಕ್, ಎರಡೂ ದಿನ. ವಿನಿಫ್ರೆಡ್ ಅವರ ದಿವಂಗತ ಗಂಡನ ಮುತ್ತಜ್ಜನ ಅಪ್ಪ. ಅವನ ಎಣ್ಣೆಬಣ್ಣದ ಚಿತ್ರ ಮನೆಯ ನಡುಕೋಣೆಯ ಗೋಡೆಯಲ್ಲಿ ನಲವತ್ತೈದು ವರ್ಷದಿಂದ ನೇತಾಡುತ್ತಿತ್ತು. ಬಂದ ಅತಿಥಿಗಳಿಗೆಲ್ಲ, ಗುಲಾಮಗಿರಿಯನ್ನು ಎದುರಿಸಿದ ಮನೆತನ ಇದು ಎಂದು ತಾವೇ ತೋರಿಸಿದ್ದು ನೆನಪಾಗಿ ಅವರ ಕಿವಿ ಬಿಸಿಯಾಯಿತು.

ತಿದ್ದುವುದೇನೋ ಸರಿ, ಹೇಗೆ ತಿದ್ದುವುದು? ಸುಮ್ಮನೆ ಕೆಳಗೊಂದು ಸಣ್ಣ ಅಕ್ಷರದ ಸಾಲು ಹಾಕಬಹುದಿತ್ತು. ಕಾಲೇಜಿನ ಗೆಳತಿ ಬರ್ನೀಸ್ ಒರೆಗಾನಿನಲ್ಲಿ ವಕೀಲೆಯಾಗಿದ್ದವಳು. ಓಲೆಯನ್ನು ಕಳಿಸುವ ಮೊದಲು ಅವಳಿಗೆ ಓದಿ ಹೇಳುವುದು ರೂಢಿ. ಫೋನಿನಲ್ಲಿ ವಿಷಯ ಕೇಳಿ ಅವಳು ಸಿಡುಕಿದಳು.

"ವಿನಿ, ನಿಂಗೆ ಬುದ್ಧಿ ನೆಟ್ಟಗಿದೆಯಾ? ಅವರ ಕಡೆಯವರು ಹಗಲು ಹೊತ್ತಲ್ಲೇ ಸುಳ್ಳು ಹೇಳಿ ದಕ್ಕಿಸ್ಕೋತಾರೆ. ನೀನು ನೂರೆಪ್ಪತ್ತು ವರ್ಷದ ಹಿಂದಿನ ಕೈ ಎಣಿಸ್ಕೊಂಡು ಅವರ ಕೈಗೆ ದೊಣ್ಣೆ ಕೊಡ್ತೀನಿ ಅಂತೀಯ."

"ದೊಣ್ಣೆ ಅವನ ಕೈಲಿ ಆಗ್ಲೇ ಇತ್ತು ಕಣೆ. ಊರ ತುಂಬ ಬೀಸಬಹುದಿತ್ತು. ಅವನು ಅದನ್ನ ತಂದು ನನ್ನ ಕೈಗೆ ಕೊಟ್ಟು ಹೋದ," ಎಂದರು ವಿನಿಫ್ರೆಡ್.

ಹಾಗಾದರೆ ಅದನ್ನೇ ಬರಿ ಎಂದಳು ಬರ್ನೀಸ್.

ಅದನ್ನೇ ಬರೆದರು. ಆ ಭಾನುವಾರದ ಓಲೆಯಲ್ಲಿ ವಾಷಿಂಗ್ಟನ್ನಿನ ಸುದ್ದಿ ಒಂದಕ್ಷರವೂ ಇರಲಿಲ್ಲ. ದೊಡ್ಡವರು ಮೂಲ ನೋಡದೆ ಮಾತಾಡುತ್ತಾರೆ ಎಂದು ವಾರವಾರ ನಾನು ಎತ್ತಿ ಆಡುತ್ತೇನೆ, ನಾನೂ ಅದನ್ನೇ ಮಾಡಿದೆ ಎಂದು ಶುರುಮಾಡಿದರು. ತಪ್ಪು ಹುಡುಕಿದವನು ನನ್ನ ಹಳೆಯ ವಿದ್ಯಾರ್ಥಿ ಅರ್ಮಾಂಡ್ ತಿಬೋ ಎಂದು ಹೆಸರು ಹಾಕಿದರು. ಫಲಕದ ಬಗ್ಗೆ ಬರೆದ ವಾಕ್ಯ ಜಾಣತನದ್ದು, ಆದರೆ ನಿಜವಲ್ಲ, ಅದನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ ಎಂದರು. ಆಮೇಲೆ ಎರಡು ದಿನದ ಸಭೆಯ ಕಥೆಯನ್ನು ಪೂರ್ತಿ ಹೇಳಿದರು. ಜೋಸಾಯ ಟ್ರಾಸ್ಕ್‌ನನ್ನೂ ಬಿಡಲಿಲ್ಲ. ಕೊನೆಯಲ್ಲಿ ಬರೆದರು: "ಹಿಂದಿನವರೆಲ್ಲ ಒಂದೇ ಮನಸ್ಸಿನವರಾಗಿದ್ದರು, ನಾವು ಮಾತ್ರ ಕೆಟ್ಟುಹೋದೆವು ಎಂದು ನಿಮಗೆ ಇಷ್ಟು ವರ್ಷ ಹೇಳಿದೆ. ಅದು ನಮ್ಮ ಕೈ ಕಟ್ಟಿಹಾಕುವ ಸುಳ್ಳು. ಈ ದೇಶ ಆಗಲೂ ಹೋಳಾಗಿತ್ತು, ಇದೇ ಊರಿನ ಒಂದೇ ಕೋಣೆಯೊಳಗೆ ಹೋಳಾಗಿತ್ತು. ಆ ಕೋಣೆಯಿಂದ ಯಾರೂ ಎದ್ದು ಹೋಗಲಿಲ್ಲ. ಒಂದು ರಾತ್ರಿ ಕಳೆದು ಆರು ಜನ ಮನಸ್ಸು ಬದಲಾಯಿಸಿದರು. ಒಮ್ಮತದ ಕಥೆಗಿಂತ ಇದು ನನಗೆ ಹೆಚ್ಚು ಧೈರ್ಯ ಕೊಡುತ್ತದೆ."

ಇನ್ನೂರು ಚಿಲ್ಲರೆ ಜನ ಓಲೆ ನಿಲ್ಲಿಸಿ ಎಂದು ಬರೆದರು. ಒಬ್ಬರಂತೂ, ನೀವೂ ಅವರಿಗೆ ಮಾರಿಹೋದಿರಾ ಎಂದು ಕೇಳಿದರು. ಆದರೆ ಹಾರ್ಲೋದ ಅಂಗಡಿಯಲ್ಲಿ ಮೊದಲ ಸಲ ಜನ ಹವಾಮಾನ ಬಿಟ್ಟು ಬೇರೆ ಮಾತಾಡಿದರು. ಗಲ್ಲಾದ ಹಿಂದೆ ಕೂತ ಮುದುಕ, ಆ ಗಿರಣಿ ಮಾಲೀಕ ನಮ್ಮ ಅಜ್ಜಿಯ ಕಡೆಯವನು ಎಂದು ಅರ್ಧ ನಾಚಿಕೆ ಅರ್ಧ ಹೆಮ್ಮೆಯಿಂದ ಹೇಳಿಕೊಂಡ.

ಅರ್ಮಾಂಡ್ ಮತ್ತೆ ಬಂದ. ಈ ಸಲ ಮುಖ ಗಂಟಿಕ್ಕಿಕೊಂಡಿತ್ತು. ನನ್ನ ಹೆಸರು ಯಾಕೆ ಹಾಕಿದಿರಿ, ಕೆಲಸದ ಹುಡುಗರೆಲ್ಲ ಪ್ರೊಫೆಸರ್ ಪ್ರೊಫೆಸರ್ ಎಂದು ಕಾಲೆಳೆಯುತ್ತಿದ್ದಾರೆ, ಸಲಿಕೆ ಹಿಡಿದರೆ ಪೆನ್ನು ಬೇಕಾ ಅನ್ನುತ್ತಾರೆ ಎಂದ. ಮೂಲ ಕೊಟ್ಟವರ ಹೆಸರು ಹಾಕಲೇಬೇಕು, ಅದು ನಿಯಮ ಎಂದರು ಟೀಚರು. ಅವನ ತುಟಿಯ ಮೂಲೆಯಲ್ಲಿ ನಗು ಕಾಣಿಸಿತು. ಬೂಟು ಕಳಚಿ ಒಳಗೆ ಬಂದು, ಮೇಜಿನ ಮುಂದೆ ಕೂತು, ಕೊಟ್ಟ ಕಾಫಿಯನ್ನೂ ಸೇಬಿನ ಸಿಹಿಕಡುಬನ್ನೂ ತೆಗೆದುಕೊಂಡ. ಗೋಡೆಯ ಚಿತ್ರ ನೋಡಿ, ಇವನೇನಾ ಎಂದು ಕೇಳಿದ. ಹೌದು ಎಂದರು.

"ನಮ್ಮೋರು ಆಗಿನ್ನೂ ಕೆನಡಾದಲ್ಲಿದ್ರು. ಕಲ್ಲು ಒಡೆಯೋಕೆ ಬಂದಿದ್ದು ಆಮೇಲೆ. ಇದ್ರಲ್ಲಿ ನಮ್ಮ ತಪ್ಪು ಏನೂ ಇಲ್ಲ ನೋಡಿ," ಎಂದು ಕಡುಬು ಮುರಿದ.

ಇಬ್ಬರೂ ನಕ್ಕರು. ಆಗ ವಿನಿಫ್ರೆಡ್ ಮನಸ್ಸಿನಲ್ಲಿದ್ದುದನ್ನು ಕೇಳಿಯೇಬಿಟ್ಟರು. ಇಷ್ಟೆಲ್ಲ ಓದಿದ ಮೇಲೂ ಊರಸಭೆ ಬೇಡ, ಚೀಟಿ ಸಾಕು ಎನ್ನುವ ಗೊತ್ತುವಳಿಗೆ ನಿನ್ನ ರುಜು ಯಾಕಿದೆ? ಹಿಂದಿನ ವರ್ಷದ ಗಲಾಟೆಗೆ ಹೆದರಿದೆಯಾ?

ಅರ್ಮಾಂಡ್ ಬಟ್ಟಲು ಕೆಳಗಿಟ್ಟ.

"ಗಲಾಟೆ ನಾನು ನೋಡೇ ಇಲ್ಲ ಟೀಚರ್. ನಾನಿರಲಿಲ್ಲ. ಈ ಕೆಲಸಕ್ಕೆ ಸೇರಿ ಹದಿನೈದು ವರ್ಷ ಆಯ್ತು, ಅದರಲ್ಲಿ ಹನ್ನೊಂದು ಸಭೆ ನಂಗೆ ತಪ್ಪಿಹೋಗಿದೆ. ಮಾರ್ಚ್ ಮಂಗಳವಾರ ಬೆಳಿಗ್ಗೆ ಅಂದ್ರೆ ಹಿಮ ಇರತ್ತೆ. ನೀವೆಲ್ಲ ಕಾರಲ್ಲಿ ಬಂದು ಕೂತ್ಕೊಂಡು ರಸ್ತೆ ಬಗ್ಗೆ ಮಾತಾಡ್ತೀರಲ್ಲ, ಆ ರಸ್ತೆ ಮೇಲಿನ ಹಿಮ ತಳ್ತಾ ಇರ್ತೀನಿ ನಾನು. ನನ್ನ ಹೆಂಡ್ತಿ ಆಸ್ಪತ್ರೇಲಿ ಬೆಳಗಿನ ಪಾಳಿ. ಹೈನಿನವರು ದನ ಬಿಟ್ಟು ಬರಲ್ಲ. ಅಲ್ಲಿ ಬಂದು ಕೂರೋರು ಯಾರು ಹೇಳಿ? ನಿವೃತ್ತಿ ಆದೋರು. ನಮಗೆ ಆ ಕೋಣೆ ಮುಚ್ಚೇ ಇದೆ. ಚೀಟಿ ಆದ್ರೆ ಕೆಲಸ ಮುಗಿಸ್ಕೊಂಡು ಸಂಜೆ ಹಾಕ್ಬಹುದು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ಇರಬೇಕು, ಆ ಮಾತು ವಿನಿಫ್ರೆಡ್ ಅವರಿಗೆ ನೇರ ನಾಟಿತು. ಸಭೆಯನ್ನು ಮುಚ್ಚಬೇಕೆನ್ನುವವರು ಎಂದು ತಾವು ಯಾರನ್ನು ಬೈದು ಬರೆದಿದ್ದರೋ ಅವರು ಬಾಗಿಲ ಹೊರಗೆ ನಿಂತಿದ್ದವರು. ಮೂವತ್ತು ವರ್ಷ ಆ ಸಭೆಯ ಮುಂದಿನ ಸಾಲಿನಲ್ಲಿ ಕೂತಿದ್ದೇನೆ, ಒಮ್ಮೆಯೂ ಯಾರು ಬಂದಿಲ್ಲ ಎಂದು ಹಿಂದೆ ತಿರುಗಿ ನೋಡಲಿಲ್ಲವಲ್ಲ ಎಂದು ಅವರಿಗೆ ಬೇಸರವಾಯಿತು. ಇವನು ಹೋದ ಮೇಲೆ ಹೆಸ್ಟರಳಿಗೆ ಫೋನು ಮಾಡಿ, ಸಭೆಯ ದಿನದ ಬಗ್ಗೆ ರಾಜ್ಯದ ಕಾನೂನು ಏನು ಹೇಳುತ್ತದೆ ಎಂದು ಕೇಳಿದರು. ಮಂಗಳವಾರದ ಹಿಂದಿನ ಮೂರು ದಿನದೊಳಗೆ ಯಾವಾಗ ಬೇಕಾದರೂ ಶುರುಮಾಡಬಹುದು ಎಂದಳು ಹೆಸ್ಟರ್. ಅಂದರೆ ಶನಿವಾರವೂ ಆಗುತ್ತದೆ.

ಸಭೆಯ ದಿನ ಹಿಮ ಬಿತ್ತು. ಬೀಳದೆ ಇರುತ್ತದೆಯೇ. ಶಾಲೆಯ ಆಟದ ಕೋಣೆಯಲ್ಲಿ ಮಡಚುವ ಕುರ್ಚಿಗಳು, ಗೋಡೆಯ ಪಕ್ಕದ ಉದ್ದ ಮೇಜಿನ ಮೇಲೆ ಮನೆಮನೆಯಿಂದ ತಂದ ಊಟ, ಬೇಯಿಸಿದ ಬೀನ್ಸ್ ಕಾಳು, ಕಂದುಬಣ್ಣದ ರೊಟ್ಟಿ, ಮೇಪಲ್ ಮರದ ಸಿಹಿ ಪಾಕ ಸುರಿದ ಕಡುಬುಗಳು. ನೂರ ಅರವತ್ತೇಳು ಜನ. ಈ ಸಲ ವಿನಿಫ್ರೆಡ್ ತಿರುಗಿ ನೋಡಿದರು. ನರೆತ ತಲೆಗಳೇ ಹೆಚ್ಚು. ಅರ್ಮಾಂಡ್ ಇರಲಿಲ್ಲ, ಅವನ ಲಾರಿಯ ಸದ್ದು ಮಾತ್ರ ಆಗಾಗ ಹೊರಗೆ ಕೇಳಿ ಮರೆಯಾಗುತ್ತಿತ್ತು.

ಒಂಬತ್ತನೆಯ ಗೊತ್ತುವಳಿ ಬಂತು. ಊರಿನ ವಾರ್ಷಿಕ ಸಭೆ ನಡೆಸುವ ರೀತಿಯನ್ನು ಬದಲಿಸಿ ಚೀಟಿಯ ಮೂಲಕ ಮಾಡತಕ್ಕದ್ದೇ? ಎಲ್ಲರೂ ಮುಂದಿನ ಸಾಲಿನ ಕಡೆ ನೋಡಿದರು. ಟೀಚರು ಈಗ ಎದ್ದು ಇನ್ನೂರು ವರ್ಷದ ಪರಂಪರೆಯ ಭಾಷಣ ಬಿಗಿಯುತ್ತಾರೆ ಎಂದು ಒಂದು ಕಡೆಯವರು ಖುಷಿಯಿಂದ, ಇನ್ನೊಂದು ಕಡೆಯವರು ಬೇಸರದಿಂದ ಕಾದರು.

ವಿನಿಫ್ರೆಡ್ ಎದ್ದರು. ಪಕ್ಕದ ಕುರ್ಚಿಯ ಬೆನ್ನು ಹಿಡಿದು ನಿಂತರು.

"ಅಧ್ಯಕ್ಷರೇ, ನಾನೊಂದು ತಿದ್ದುಪಡಿ ತರ್ತೀನಿ. ಚೀಟಿ ಅನ್ನೋದನ್ನ ತೆಗ್ದು, ಮುಂದಿನ ವರ್ಷದಿಂದ ಸಭೆ ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ಅಂತ ಮಾಡಿ. ಮಕ್ಕಳನ್ನ ನೋಡ್ಕೊಳ್ಳೋಕೆ ಪಕ್ಕದ ತರಗತಿ ತೆರೀಲಿ. ಹಿಮ ಬಿದ್ರೆ ಅದನ್ನ ತಳ್ಳೋರು ಬಂದು ಸೇರೋವರೆಗೆ ಶುರುಮಾಡಬಾರದು."

ಕೋಣೆಯಲ್ಲಿ ಗುಜುಗುಜು ಎದ್ದಿತು. ಹಿಂದಿನಿಂದ ಯಾರೋ, ಇದು ಟೀಚರ ಬಾಯಲ್ಲಿ ಅರ್ಮಾಂಡನ ಮಾತು ಎಂದು ಕಿಚಾಯಿಸಿದರು.

"ಹೌದು, ಅವನದೇ," ಎಂದರು ವಿನಿಫ್ರೆಡ್. "ಅವನೇ ಬಂದು ಹೇಳ್ಬೇಕಿತ್ತು. ಹೊರಗಡೆ ನಿಮ್ಮ ಮನೆ ದಾರಿ ಬಿಡಿಸ್ತಾ ಇದಾನೆ, ಅದಕ್ಕೇ ನಾನು ಹೇಳ್ತಿದೀನಿ."

ಅಧ್ಯಕ್ಷರು ನಿಯಮದ ಪುಸ್ತಕ ತಿರುವಿ ತಿದ್ದುಪಡಿ ಸಲ್ಲುತ್ತದೆ ಎಂದರು. ಒಂದೂವರೆ ಗಂಟೆ ಚರ್ಚೆಯಾಯಿತು. ಶನಿವಾರ ಮಕ್ಕಳ ಬಾಸ್ಕೆಟ್‌ಬಾಲ್ ಇರುತ್ತದೆ ಎಂದಳು ಒಬ್ಬಳು, ಸೇಬು ತೋಟದ ಮುದುಕ ಮಂಗಳವಾರ ಎಂದರೆ ಮಂಗಳವಾರ ಎಂದ. ಚೀಟಿಯ ಪರವಾಗಿ ಸಹಿ ಹಾಕಿದ್ದ ಹೈನಿನ ಒಬ್ಬ ಹೆಣ್ಣುಮಗಳು, ಹಾಲು ಕರೆಯುವುದು ಬಿಟ್ಟು ಅರ್ಧ ಗಂಟೆಗೆಂದು ಬಂದವಳು, ಎರಡು ಗಂಟೆಗಾದರೆ ನಾನು ಬರುತ್ತೇನೆ, ಆಗ ನನಗೆ ಚೀಟಿ ಬೇಡ ಎಂದು ಹೇಳಿ ಓಡಿದಳು. ದನಿ ಒಂದೆರಡು ಸಲ ಏರಿತು, ಇಳಿಯಿತು. ಕೊನೆಗೆ ಪರವಾದವರು ಕಿಟಕಿಯ ಕಡೆ, ವಿರುದ್ಧದವರು ಗೋಡೆಯ ಕಡೆ ನಿಂತರು. ಹೆಸ್ಟರ್ ಎರಡು ಸಲ ಎಣಿಸಿದಳು. ತೊಂಬತ್ತೆಂಟು, ಅರವತ್ತೆಂಟು. ತಿದ್ದುಪಡಿ ಗೆದ್ದಿತು. ಕಿಟಕಿಯ ಕಡೆ ದೊಡ್ಡ ಫಲಕದವರೂ ಇದ್ದರು, ಫಲಕವೇ ಇಲ್ಲದವರೂ ಇದ್ದರು, ಯಾರು ಯಾರ ಪಕ್ಕ ನಿಂತಿದ್ದಾರೆ ಎಂದು ಆ ಹೊತ್ತಿನಲ್ಲಿ ಯಾರೂ ನೋಡಿಕೊಂಡಂತಿರಲಿಲ್ಲ.

ಊಟದ ಹೊತ್ತಿಗೆ ಅರ್ಮಾಂಡ್ ಒದ್ದೆ ಟೋಪಿ ಕೈಯಲ್ಲಿ ಹಿಡಿದು ಬಂದ. ಸುದ್ದಿ ಅವನಿಗೆ ಲಾರಿಯ ರೇಡಿಯೊದಲ್ಲೇ ಮುಟ್ಟಿತ್ತು. ತಟ್ಟೆಗೆ ಕಾಳು ಬಡಿಸಿಕೊಂಡು ಟೀಚರ ಪಕ್ಕದ ಕುರ್ಚಿ ಎಳೆದು ಕೂತ. ಸ್ಕಿನ್ನರ್ ಬೆಟ್ಟದ ಗಾಡಿದಾರಿ ಇನ್ನೂ ಸಿಕ್ಕಿಲ್ಲ, ಹಳೆಯ ಕೈಬರಹ ಓದುವುದು ತನ್ನ ಕೈಲಾಗುತ್ತಿಲ್ಲ ಎಂದ. ಗುರುವಾರ ಬಿಡುವಿದೆ, ನಾನು ಬರುತ್ತೇನೆ ಎಂದರು ವಿನಿಫ್ರೆಡ್.

ಎರಡು ಗುರುವಾರ ಬೇಕಾದವು. ದಾರಿ ಊರಿನದ್ದೇ ಎಂದು ಸಾವಿರದ ಎಂಟುನೂರ ಇಪ್ಪತ್ತೆರಡರ ದಫ್ತರದಲ್ಲಿ ಸಿಕ್ಕಿತು. ಆದರೂ ಅವರ ಗುರುವಾರಗಳು ನಿಲ್ಲಲಿಲ್ಲ. ಅವನ ಹೆಂಡತಿಯೂ, ಅಂಗಡಿಯ ಮುದುಕನೂ ಬಂದು ಸೇರಿಕೊಂಡರು. ಓದುತ್ತ ಓದುತ್ತ ಈಗಿನ ರಾಜಕೀಯಕ್ಕೆ ಮಾತು ಹೊರಳುತ್ತಿತ್ತು, ಜಗಳವೂ ಆಗುತ್ತಿತ್ತು. ಅರ್ಮಾಂಡ್ ತನ್ನ ಫಲಕ ತೆಗೆಯಲಿಲ್ಲ, ವಿನಿಫ್ರೆಡ್ ತನ್ನ ಓಲೆ ನಿಲ್ಲಿಸಲಿಲ್ಲ. ಆದರೆ ಶನಿವಾರ ಸಂಜೆ ಓಲೆಯನ್ನು ಬರ್ನೀಸಳಿಗೆ ಓದಿದ ಮೇಲೆ ಇನ್ನೊಂದು ಪ್ರತಿಯನ್ನು ಅರ್ಮಾಂಡನಿಗೂ ಕಳಿಸತೊಡಗಿದರು. ಅವನು ಒಪ್ಪಿದ್ದು ಕಡಿಮೆ. ಇದಕ್ಕೆ ಮೂಲ ಎಲ್ಲಿದೆ ಎಂದು ಅಡ್ಡ ಗೀಟು ಹಾಕಿ ಕಳಿಸಿದ್ದೇ ಹೆಚ್ಚು. ಬಿಟ್ಟುಹೋದ ಇನ್ನೂರು ಓದುಗರ ಜಾಗಕ್ಕೆ ಆ ವರ್ಷ ಹೊಸಬರು ಎರಡರಷ್ಟು ಬಂದರು.

ಮರುವರ್ಷದ ಶನಿವಾರದ ಸಭೆಗೆ ಇನ್ನೂರ ತೊಂಬತ್ತು ಜನ ಬಂದರು. ಕುರ್ಚಿ ಸಾಲದೆ ಮಕ್ಕಳ ಬೆಂಚು ತಂದು ಹಾಕಬೇಕಾಯಿತು. ವಿನಿಫ್ರೆಡ್ ಅಂದು ಊರಿನ ಹಳೆಯ ಗಂಟೆಗೋಪುರವನ್ನು ದುರಸ್ತಿ ಮಾಡಿಸಬೇಕೆಂದು ಗೊತ್ತುವಳಿ ತಂದಿದ್ದರು, ಆರು ತಿಂಗಳು ಕೂತು ತಯಾರಿಸಿದ್ದು. ಹದಿನೈದು ನಿಮಿಷ ಚೆನ್ನಾಗಿ ಮಾತಾಡಿದರು. ಆಮೇಲೆ ಅರ್ಮಾಂಡ್ ಎದ್ದ. ಜೀವಮಾನದಲ್ಲಿ ಮೊದಲ ಸಲ ಸಭೆಯಲ್ಲಿ ಮಾತಾಡುತ್ತಿದ್ದವನು, ಕೈಯಲ್ಲೊಂದು ಕಾಗದ ಹಿಡಿದಿದ್ದ. ಕೆಳಗೇರಿಯ ಮೋರಿಗಳು ಮೂರು ವರ್ಷದಿಂದ ಮಳೆಗೆ ಕೊಚ್ಚಿಹೋಗುತ್ತಿವೆ, ಯಾವ ವರ್ಷ ಎಷ್ಟು ಮನೆಗೆ ನೀರು ನುಗ್ಗಿತು ಎಂದು ಊರಿನ ದಫ್ತರದಿಂದಲೇ ತೆಗೆದು ಒಂದೊಂದಾಗಿ ಓದಿದ. ಗಂಟೆ ಇನ್ನೊಂದು ವರ್ಷ ಕಾಯಬಹುದು, ಮೋರಿ ಕಾಯುವುದಿಲ್ಲ ಎಂದು ಕೂತುಬಿಟ್ಟ.

ಗೋಪುರ ಸೋತಿತು, ಮೋರಿ ಗೆದ್ದಿತು. ಎಣಿಕೆ ಹತ್ತಿರಕ್ಕೂ ಬರಲಿಲ್ಲ.

ವಿನಿಫ್ರೆಡ್ ಅವರಿಗೆ ಸೋತ ಸಂಕಟ ನಿಜವಾಗಿಯೂ ಆಯಿತು. ಕೋಟು ತೊಟ್ಟುಕೊಳ್ಳುವಾಗ ಗುಂಡಿಗಳು ಅದಲುಬದಲಾದವು. ಹೊರಗೆ ಬಂದರೆ ಬಿಸಿಲಿತ್ತು, ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ಅಂಗಳದ ತುಂಬ ಜನ ಮನೆಗೆ ಹೋಗದೆ ಗುಂಪುಗುಂಪಾಗಿ ನಿಂತು ಇನ್ನೂ ವಾದಿಸುತ್ತಿದ್ದರು. ಅರ್ಮಾಂಡ್ ಮೆಲ್ಲಗೆ ಹತ್ತಿರ ಬಂದು, ಸಿಟ್ಟಾ ಟೀಚರ್ ಎಂದು ಕೇಳಿದ.

"ಸಿಟ್ಟು ಇದೆ. ನಾಳೆವರೆಗೂ ಇರತ್ತೆ," ಎಂದರು ಅವರು. "ಆದ್ರೆ ಚೆನ್ನಾಗಿ ಮಾತಾಡ್ದೆ ಕಣಯ್ಯ. ಆ ಎರಡನೇ ವರ್ಷದ ಲೆಕ್ಕ ಒಂದ್ಸಲ ತೋರ್ಸು. ಅದು ಸರಿ ಇದೆಯಾ ಅಂತ ನಾನು ನೋಡ್ಬೇಕು."

ಅವನು ಕಾಗದ ಬಿಡಿಸಿದ. ಇಬ್ಬರೂ ಲಾರಿಯ ಮೂತಿಯ ಮೇಲೆ ಅದನ್ನು ಹರಡಿಕೊಂಡು, ಗಾಳಿಗೆ ಹಾರದಂತೆ ಅವರೊಂದು ತುದಿ ಅವನೊಂದು ತುದಿ ಒತ್ತಿ ಹಿಡಿದು, ಬಗ್ಗಿ ಓದತೊಡಗಿದರು.